ಪ್ಲೈವುಡ್ ರಾಯರು

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ರಾಯರು ಮೆಟ್ಟಿಲು ಹತ್ತಿದ್ದು ಕಂಡರೆ ಸಾಕು, ಅಂಗಡಿಯವರು ಹುಡುಗನನ್ನು ಟೀಗೆ ಓಡಿಸುತ್ತಾರೆ. ರಾಯರಿಗಲ್ಲ, ತಮಗೆ. ಇನ್ನೆರಡು ಗಂಟೆ ತಡೆದುಕೊಳ್ಳಬೇಕಲ್ಲ!

ನಿವೃತ್ತರಾಗಿ ಮನೆ ಕಟ್ಟಿಸಿದಾಗ ಅಂಟಿದ ಚಟ. ಬಡಾವಣೆಯಲ್ಲಿ ಯಾರೇ ಬೀರು ಮಾಡಿಸಲಿ, ಕರೆಯದಿದ್ದರೂ ಹೊರಟು ನಿಲ್ಲುತ್ತಾರೆ. ಬಡಗಿ ಹೇಳಿದ ಅಂಗಡಿಗೆ ಮಾತ್ರ ಹೋಗಕೂಡದು, ಅವನ ಕಮಿಷನ್ ನಿಮ್ಮ ಬಿಲ್ಲಿನಲ್ಲೇ ಕೂತಿರುತ್ತದೆ ಎಂಬುದು ದಾರಿಯಲ್ಲೇ ಮುಗಿಯುವ ಮೊದಲ ಪಾಠ.

ನನ್ನ ಪುಸ್ತಕದ ಕಪಾಟಿಗೂ ಬಂದರು. ಕೈಚೀಲದಿಂದ ಟೇಪು, ಟಾರ್ಚು, ವರ್ನಿಯರ್, ಒದ್ದೆ ಕರ್ಚೀಫು ಹೊರಬಿದ್ದವು. ಎಂಟಡಿ ಹಲಗೆ ನಿಲ್ಲಿಸಿ, ಕಲ್ಲಂಗಡಿ ಕೊಳ್ಳುವವರ ಹಾಗೆ ಉಂಗುರದ ಬೆರಳಲ್ಲಿ ಟೊಕ್ ಟೊಕ್ ಬಡಿಯುತ್ತಾ ಕಿವಿಯನ್ನು ಇಂಚಿಂಚೇ ಕೆಳಗಿಳಿಸಿದರು. ಮೊಣಕಾಲ ಮಟ್ಟದಲ್ಲಿ ಸದ್ದು ಪೊಳ್ಳಾಯಿತು. "ಒಳಗೆ ಗ್ಯಾಪಿದೆ. ಸ್ಕ್ರೂ ಇಲ್ಲೇ ಬಿದ್ರೆ ಕಚ್ಚಲ್ಲ." ಅಂಚಿಗೆ ವರ್ನಿಯರ್ ಹಿಡಿದರು. "18 ಎಂಎಂ ಅಂತೀರಿ, 17 ದಾಟಿಲ್ಲ." ಹಲಗೆಯ ಕೆಂಪು ಮುಖಕ್ಕೆ ಕರ್ಚೀಫು ಉಜ್ಜಿದರು, ಅದು ಓಕುಳಿಯಾಡಿ ಬಂತು. "ಗರ್ಜನ್ ಮರ ಅಂದ್ರಲ್ಲ ಸ್ವಾಮಿ?"

ಇಷ್ಟೂ ಸರಿಯೇ, ಒಪ್ಪಬೇಕು. ತೊಂದರೆ ಶುರುವಾಗುವುದು ಆಮೇಲೆ.

"ಐಎಸ್ 710 ಬಿಟ್ಟು ಬೇರೆ ಮುಟ್ಟಬೇಡಿ. ಮರೀನ್ ಪ್ಲೈ! 72 ಗಂಟೆ ಕುದಿಸಿದ್ರೂ ಪದರ ಬಿಡಬಾರದು. ಐಎಸ್ 303ರ ಎಂಆರ್ ಪ್ಲೈ ಎಲ್ಲ ಬರೀ ಒಣ ಕೋಣೆಗೆ."

"ನಂದೂ ಒಣ ಕೋಣೆಯೇ, ರಾಯರೇ."

"ನೀರು ಬಂದ್ರೆ?"

ನಮ್ಮದು ಎರಡನೇ ಮಹಡಿ. ಕಾವೇರಿ ಎರಡು ದಿನಕ್ಕೊಮ್ಮೆ ಸಂಪಿಗೆ ಬಂದರೇ ಪುಣ್ಯ, ಪುಸ್ತಕದ ತನಕ ಹತ್ತುವುದೆಲ್ಲಿ? ಆದರೂ ಮರೀನ್ ಪ್ಲೈ ಕೊಂಡೆ. ಅವರ ಜೊತೆ ವಾದಿಸುವುದಕ್ಕಿಂತ ಅದೇ ಅಗ್ಗ.

ರಾಯರು ನಿಯಮ ಓದಿ ಸುಮ್ಮನಾದವರಲ್ಲ. ಒಮ್ಮೆ ಅಂಗೈಯಗಲದ ತುಂಡನ್ನು ಮನೆಯಲ್ಲೇ ಕುದಿಯಲಿಟ್ಟಿದ್ದರು. ಆರನೇ ಗಂಟೆಗೆ ಸಿಲಿಂಡರ್ ಖಾಲಿಯಾಯಿತು. ಆ ರಾತ್ರಿ ಮನೆಮಂದಿಗೆಲ್ಲ ಅವಲಕ್ಕಿ.

ಮೊನ್ನೆ ಅವರ ಮನೆಗೆ ಹೋದವನು ಅಡುಗೆಮನೆಯ ಸಿಂಕಿನ ಕೆಳಗೆ ಕಣ್ಣು ಹಾಯಿಸಿದೆ. ನಿಜಕ್ಕೂ 710 ಬೇಕಾದ ಜಾಗ ಅದು. ಬಾಗಿಲೇ ಇರಲಿಲ್ಲ, ಹಳೇ ಇಳಕಲ್ ಸೀರೆಯ ತುಂಡೊಂದು ದಾರದಲ್ಲಿ ಇಳಿಬಿದ್ದಿತ್ತು.

"ಎಂಟು ವರ್ಷವಾಯ್ತು, ಇವರಿಗೆ ಒಪ್ಪೋ ಹಲಗೆ ಇನ್ನೂ ಸಿಕ್ಕಿಲ್ಲ," ಎಂದರು ಅವರ ಮನೆಯವರು, ಆ ಸೀರೆಗೇ ಕೈ ಒರೆಸಿಕೊಳ್ಳುತ್ತಾ. "ಇದೇ ವಾಸಿ ಬಿಡಿ. ನೀರು ಬಿದ್ರೆ ಉಬ್ಬಲ್ಲ."