ಸೌದೆ ಸೀಳುವ ಧರ್ಮಸೂಕ್ಷ್ಮ

ಪಂಚಾಂಗದ ಪ್ರಕಾರ ಸಂವತ್ಸರವು ಯುಗಾದಿಯಂದು ಆರಂಭವಾಗುವುದಾದರೂ, ಮಲೆನಾಡಿನ ಗೃಹಸ್ಥನ ಲೆಕ್ಕದಲ್ಲಿ ಅದು ಸೌದೆಕೊಟ್ಟಿಗೆ ಮಾಡಿನವರೆಗೆ ತುಂಬಿದಂದು ಮುಗಿದು, ಮೃಗಶಿರಾ ಮಳೆಯ ಮೊದಲ ಹನಿ ಹೆಂಚಿನ ಮೇಲೆ ಬಿದ್ದಂದು ಮರಳಿ ಮೊದಲಾಗುತ್ತದೆ. ಆಗುಂಬೆಯಲ್ಲಿ ವರ್ಷವೊಂದಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆಂಬುದನ್ನು ಭೂಗೋಳದ ಪುಸ್ತಕಗಳು ಅಭಿಮಾನದಿಂದ ಹೇಳುತ್ತವೆ. ಆ ಮಳೆಯಲ್ಲಿ ಬಚ್ಚಲ ಹಂಡೆಯ ನೀರು ಕಾಯುವ ಬಗೆ ಹೇಗೆಂಬುದನ್ನು ಮಾತ್ರ ಯಾವ ಪುಸ್ತಕವೂ ಹೇಳುವುದಿಲ್ಲ. ಅಡಿಗೆಮನೆಗೆ ಗ್ಯಾಸು ಬಂದಿರಬಹುದು, ಮಾಡಿನ ಮೇಲೆ ಸೋಲಾರ್ ಕುಳಿತಿರಬಹುದು. ಆದರೆ ಆರಿದ್ರಾ ಮಳೆಗೆ ಮರೆಯಾದ ಸೂರ್ಯನಾರಾಯಣನು ಮಘಾ ಮುಗಿಯುವವರೆಗೂ ರಜೆಯ ಮೇಲಿರುವ ಸೀಮೆಯಲ್ಲಿ ಸೋಲಾರನ್ನು ನಂಬಿದವನು ತಣ್ಣೀರಿನಲ್ಲಿ ಮೀಯುವ ವೈರಾಗ್ಯವನ್ನೂ ಮೊದಲೇ ಸಂಪಾದಿಸಿರಬೇಕು. ಬಚ್ಚಲೊಲೆಗೂ, ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ಬೇಯಿಸುವ ದೊಡ್ಡ ಹಂಡೆಗೂ ಸೌದೆಯೇ ಗತಿ. ಆದುದರಿಂದ ಬೇಸಗೆಯಲ್ಲಿ ಸೌದೆ ಒಡೆಸುವುದು ನಮ್ಮಲ್ಲಿ ಕೆಲಸವಲ್ಲ, ಒಂದು ವಾರ್ಷಿಕ ವ್ರತ.

ಈ ವ್ರತವನ್ನು ಆಚರಿಸಬೇಕೆಂಬುದರಲ್ಲಿ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೇಗೆ ಆಚರಿಸಬೇಕೆಂಬುದರಲ್ಲಿ ಎರಡು ಮತಗಳಿವೆ. ಚಿಕ್ಕಪ್ಪನದು ಕೊಡಲಿಪಕ್ಷ, ಭಾವನದು ಯಂತ್ರಪಕ್ಷ. ಎರಡು ಪಕ್ಷಗಳ ಶಾಸ್ತ್ರಾರ್ಥವೂ ಜಗಲಿಯ ಮೇಲೆ, ಕವಳದ ತಟ್ಟೆಯನ್ನು ನಡುವೆ ಇಟ್ಟುಕೊಂಡು, ಅಂಗಳದಲ್ಲಿ ಸೀಳಿಸಿಕೊಳ್ಳಲು ಬಿದ್ದಿರುವ ಅಕೇಶಿಯಾ ಕುಂಟೆಗಳ ಸಮಕ್ಷಮದಲ್ಲಿಯೇ ನಡೆಯುತ್ತದೆ.

ಚಿಕ್ಕಪ್ಪನ ಸಿದ್ಧಾಂತದಲ್ಲಿ ಸೌದೆ ಒಡೆಯುವುದು ತೋಳಿನ ವಿದ್ಯೆಯಲ್ಲ, ಕಣ್ಣಿನ ವಿದ್ಯೆ. ಮರವೆಂಬುದು ನಾರಿನ ಉದ್ದಕ್ಕೆ ಎಷ್ಟು ಬಲಿಷ್ಠವೋ, ನಾರಿಗೂ ನಾರಿಗೂ ನಡುವೆ ಅಷ್ಟೇ ದುರ್ಬಲ. ಆದುದರಿಂದ ಬಲ್ಲವನು ಪಂಚಾಂಗ ನೋಡುವ ಜೋಯಿಸರಂತೆ ಕುಂಟೆಯ ಮುಖವನ್ನು ಮೊದಲು ನಿಧಾನವಾಗಿ ನೋಡುತ್ತಾನೆ. ಒಣಗುತ್ತ ಬಂದ ಕುಂಟೆಯ ಕೊಯ್ದ ಮುಖದಲ್ಲಿ ತಿರುಳಿನಿಂದ ತೊಗಟೆಯ ಕಡೆಗೆ ಹರಿದ ಸಣ್ಣ ಬಿರುಕುಗಳಿರುತ್ತವೆ; ಏಟು ಬೀಳಬೇಕಾದದ್ದು ಆ ಬಿರುಕಿನ ಗುಂಟ. ಕುಂಟೆ ತೀರ ದಪ್ಪವಾಗಿದ್ದರೆ ನಡುವಿಗೆ ಹೊಡೆಯುವವನು ದಡ್ಡ. ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಬಿಡಿಸಿಕೊಂಡು ಬರುವವನು ಜಾಣ. ಕೊಂಬೆ ಹೊರಟ ಗಂಟನ್ನು ಕಂಡರೆ ನಮಸ್ಕಾರ ಮಾಡಿ ಬದಿಗಿಡತಕ್ಕದ್ದು, ಇಲ್ಲವೇ ಕಬ್ಬಿಣದ ಬೆಣೆಯನ್ನೂ ಸುತ್ತಿಗೆಯನ್ನೂ ತರಿಸತಕ್ಕದ್ದು. ನಾರು ಹೆಣೆದುಕೊಂಡ ಹುಣಸೆಯ ಬೊಡ್ಡೆಯಂತೂ ಪ್ರತ್ಯೇಕ ಅಧ್ಯಾಯ: ಕೊಡಲಿಯನ್ನು ಬೀಸಿ ಸಮುದ್ರವನ್ನೇ ಹಿಂದಕ್ಕೆ ಸರಿಸಿದನೆಂದು ಕರಾವಳಿಯವರು ಕೊಂಡಾಡುವ ಪರಶುರಾಮನಿಗೆ ಆ ದಿನ ಎದುರಾದದ್ದು ಸಮುದ್ರವಾದದ್ದರಿಂದ ಸರಿಹೋಯಿತು, ಹುಣಸೆಯ ಬೊಡ್ಡೆಯಾಗಿದ್ದರೆ ಕೊಡಲಿ ಅದರಲ್ಲಿಯೇ ಸಿಕ್ಕಿಕೊಂಡು ಉಡುಪಿಯೂ ಗೋಕರ್ಣವೂ ಇಂದಿಗೂ ನೀರಿನಡಿಯಲ್ಲಿ ಇರುತ್ತಿದ್ದವು.

ಆಯುಧದ ಆರೈಕೆಯಲ್ಲಿಯೂ ಚಿಕ್ಕಪ್ಪ ನಿಷ್ಠಾವಂತರು. ಲಾರಿಯ ಹಳೆಯ ಪಟ್ಟಾವನ್ನು ಕುಲುಮೆಗೆ ಕೊಟ್ಟು ಬಡಿಸಿದ ಕೊಡಲಿಯೇ ಅವರಿಗೆ ಪಥ್ಯ. ಬೇಸಗೆಯ ಬಿಸಿಲಿಗೆ ಕಾವು ಒಣಗಿ ಸಡಿಲವಾದಾಗ, ಹಿಂದಿನ ರಾತ್ರಿಯೇ ಅದನ್ನು ಕಲ್ಲುಬಾನಿಯ ನೀರಿನಲ್ಲಿ ತಲೆಕೆಳಗಾಗಿ ಮುಳುಗಿಸಿಟ್ಟರೆ, ಬೆಳಗಾಗುವಷ್ಟರಲ್ಲಿ ಮರ ನೀರು ಕುಡಿದು ಉಬ್ಬಿ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿರುತ್ತದೆ. ಕೊಡಲಿಯ ಕಾವು ಕುಲಕ್ಕೆ ಮೃತ್ಯುವೆಂದು ಗಾದೆ ಹೇಳುವುದು ಮರಗಳ ಕುಲವನ್ನು ಕುರಿತು. ಸಡಿಲವಾದ ಕಾವು ಎದುರಿಗೆ ನಿಂತವನ ಕುಲಕ್ಕೂ ಮೃತ್ಯುವೆಂಬುದು ಚಿಕ್ಕಪ್ಪನ ಭಾಷ್ಯ.

ಭಾವನಾದರೋ ಈ ಭಾಷ್ಯವನ್ನೆಲ್ಲ ಮುಗುಳ್ನಗೆಯಿಂದ ಕೇಳಿ, ಹದಿನೇಳನೆಯ ಶತಮಾನದ ಫ್ರೆಂಚ್ ಪಂಡಿತ ಪಾಸ್ಕಲನಿಂದ ತನ್ನ ಪೂರ್ವಪೀಠಿಕೆಯನ್ನು ಆರಂಭಿಸುತ್ತಾನೆ. ಮುಚ್ಚಿದ ಪಾತ್ರೆಯ ದ್ರವದ ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲೆಡೆಗೂ ಸಮನಾಗಿ ಹಬ್ಬುವುದೆಂಬ ತತ್ತ್ವವನ್ನು ಆತ ಸಾರಿದನು. ಅದನ್ನು ಆಧರಿಸಿ ಬ್ರಾಮಾ ಎಂಬ ಆಂಗ್ಲ ಕುಶಲಿಗನು 1795ರಲ್ಲಿ ದ್ರವಬಲದ ಒತ್ತುಯಂತ್ರಕ್ಕೆ ಪೇಟೆಂಟು ಪಡೆದನು. ಅದೇ ವಂಶದ ಕುಡಿ ಇಂದು ಸೌದೆ ಸೀಳುವ ಹೈಡ್ರಾಲಿಕ್ ಯಂತ್ರವಾಗಿ ಟ್ರ್ಯಾಕ್ಟರಿನ ಹಿಂದೆ ಕಟ್ಟಿಸಿಕೊಂಡು ನಮ್ಮ ಅಂಗಳದವರೆಗೆ ಬರಲು ಸಿದ್ಧವಾಗಿದೆ. ಪಂಪು ಎಣ್ಣೆಯನ್ನು ಸಿಲಿಂಡರಿಗೆ ನೂಕುತ್ತದೆ, ಸಿಲಿಂಡರಿನ ದಂಡ ಕುಂಟೆಯನ್ನು ನೂಕುತ್ತದೆ, ಕುಂಟೆ ಎದುರಿನ ಬೆಣೆಗೆ ಆತುಕೊಂಡು, ಒಂದು ಗಳಿಗೆ ನರಳಿ, ಆಮೇಲೆ ಇಬ್ಭಾಗವಾಗುತ್ತದೆ. ಸಣ್ಣದೆನಿಸುವ ಯಂತ್ರಕ್ಕೂ 7 ಟನ್ ಬಲವುಂಟೆಂದ ಮೇಲೆ ಬಿರುಕೇನು, ಗಂಟೇನು, ಹುಣಸೆಯೇನು? ಆದರೆ ತಿರುಗುವ ಶಂಕುವಿಗೆ ಸ್ಕ್ರೂ ಕೊರೆದ ಇನ್ನೊಂದು ಬಗೆಯ ಯಂತ್ರವುಂಟು; ಅದು ಕುಂಟೆಯನ್ನು ತನ್ನತ್ತ ಸೆಳೆದುಕೊಂಡು ಸೀಳುವಾಗ ಹೆಗಲ ಟವೆಲಿಗೂ ಪಂಚೆಯ ಚುಂಗಿಗೂ ಭೇದವೆಣಿಸುವುದಿಲ್ಲವಾದ್ದರಿಂದ, ಅದರ ಹತ್ತಿರ ಸುಳಿಯಬಾರದೆಂದು ಭಾವನೇ ಎಚ್ಚರಿಸುತ್ತಾನೆ.

ಚಿಕ್ಕಪ್ಪನ ಪ್ರತ್ಯುತ್ತರ ಸಂಕ್ಷಿಪ್ತ: “ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತ ಹಿರಿಯರು ಕೇಳಿದ್ರು; ಕೊಡಲಿಯಲ್ಲಿ ಹೋಗುವುದಕ್ಕೆ ನಿನ್ನ ಏಳು ಟನ್ ಯಾಕೆ ಮಾರಾಯ?” ಇದರ ಮೇಲೆ ಕರೆಂಟಿನ ಪ್ರಶ್ನೆಯನ್ನೂ ಅವರು ಎತ್ತುತ್ತಾರೆ. ದೊಡ್ಡ ಮೋಟಾರಿನ ಯಂತ್ರವನ್ನು ಕೊಂಡರೆ ಅದಕ್ಕೆ ತ್ರೀ ಫೇಸ್ ಬೇಕು; ನಮ್ಮ ಕಡೆ ತ್ರೀ ಫೇಸ್ ಎಂಬುದು ಬಹುಮಟ್ಟಿಗೆ ನಿಶಾಚರ. ನಡುರಾತ್ರಿ ಊರೆಲ್ಲ ಮಲಗಿರುವಾಗ ಅಂಗಳದಲ್ಲಿ ಕುಂಟೆಗಳನ್ನು ಚಟಚಟನೆ ಸೀಳತೊಡಗಿದರೆ, ನೆರೆಮನೆಯವರು ಮೊದಲು ನಾಯಿಯನ್ನೂ ಬಳಿಕ ಮಂತ್ರವಾದಿಯನ್ನೂ ಕಳುಹಿಸುವರೆಂಬ ಅವರ ಆತಂಕ ನಿರಾಧಾರವಲ್ಲ.

ಇಷ್ಟರ ನಡುವೆ, ಓದಿಕೊಂಡವನೆಂಬ ಅಪವಾದಕ್ಕೆ ಗುರಿಯಾದ ನನ್ನನ್ನು ಮಧ್ಯಸ್ಥನನ್ನಾಗಿ ಮಾಡಿದಾಗ, ನಾನು ಚರಿತ್ರೆಯ ಕಡೆ ಕೈಚಾಚಿದೆ. ನಾಲ್ಕು ಸಲ ಬ್ರಿಟನ್ನಿನ ಪ್ರಧಾನಮಂತ್ರಿಯಾಗಿದ್ದ ಗ್ಲ್ಯಾಡ್‌ಸ್ಟನ್ ಮಹಾಶಯನಿಗೆ ಮರ ಕಡಿಯುವುದೇ ವಿನೋದ. 1868ರಲ್ಲಿ ಮೊದಲ ಬಾರಿ ಆ ಪದವಿಯ ಸೂಚನೆ ತಂತಿಯಲ್ಲಿ ಬಂದಾಗಲೂ ಆತನು ಹಾವರ್ಡನ್ನಿನ ತನ್ನ ತೋಟದಲ್ಲಿ ಕೊಡಲಿ ಹಿಡಿದು ನಿಂತಿದ್ದನು. ಮೊದಲ ಮಹಾಯುದ್ಧದಲ್ಲಿ ಸಿಂಹಾಸನವನ್ನು ಕಳೆದುಕೊಂಡ ಜರ್ಮನಿಯ ಕೈಸರ್ ಎರಡನೆಯ ವಿಲ್ಹೆಲ್ಮನೂ ಹಾಲೆಂಡಿನ ಡೋರ್ನ್ ಎಂಬಲ್ಲಿ ವನವಾಸವಿದ್ದಾಗ ಮರ ಕಡಿದು ಸೌದೆ ಮಾಡುವುದನ್ನೇ ನಿತ್ಯಕರ್ಮವನ್ನಾಗಿಸಿಕೊಂಡನು. ಚಿಕ್ಕಪ್ಪನಿಗೆ ಪರಮಾನಂದವಾಯಿತು. ಆದರೆ ಯೋಚಿಸಿದಷ್ಟೂ ಈ ದೃಷ್ಟಾಂತಗಳು ನನಗೇ ಸಂಶಯಾಸ್ಪದವಾಗಿ ಕಂಡವು: ಆ ಇಬ್ಬರು ಮಹನೀಯರೂ ಒಂದು ದಿನ ಕೊಡಲಿ ಮುಟ್ಟದಿದ್ದರೂ ಅವರ ಮನೆಯ ಒಲೆ ಉರಿಯದೆ ನಿಲ್ಲುತ್ತಿರಲಿಲ್ಲ. ಕೊಡಲಿಯ ಮಹಿಮೆಯನ್ನು ಹಾಡಿದವರೆಲ್ಲ ಬೇಡವೆನಿಸಿದಾಗ ಅದನ್ನು ಕೆಳಗಿಡಬಲ್ಲವರು. ಹಾಗೆ ನೋಡಿದರೆ ಯಂತ್ರದ ಮಹಿಮೆಯನ್ನು ಹಾಡುವ ಭಾವನೂ ಇದುವರೆಗೆ ಒಂದು ಕುಂಟೆಯನ್ನೂ ಅದರ ಮೇಲೆ ಎತ್ತಿಟ್ಟವನಲ್ಲ.

ಆದುದರಿಂದ, ಪ್ರತಿವರ್ಷ ನಮ್ಮಲ್ಲಿ ಸೌದೆ ಒಡೆಯಲು ಬರುವ ಹಿರಿಯನನ್ನೇ ಕೇಳುವುದೆಂದು ತೀರ್ಮಾನವಾಯಿತು. ಆತನು ಬಾಯಿಯ ಕವಳವನ್ನು ಅಂಗಳದಾಚೆಗೆ ಉಗಿದು ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತನು. “ಕೊಡಲಿ ಒಳ್ಳೇದೇ ಅಯ್ಯಾ. ಆದ್ರೆ ಜಗಲಿ ಮೇಲಿಂದ ನೋಡೋರಿಗೆ ಜಾಸ್ತಿ ಒಳ್ಳೇದು.” ಯಂತ್ರ ಬಂದರೆ ಕೂಲಿ ತಪ್ಪುವ ಭಯವಿಲ್ಲವೇ ಎಂದು ಚಿಕ್ಕಪ್ಪ ಸಹಾನುಭೂತಿಯ ಬಲೆಯನ್ನು ಬೀಸಿದರು. “ಮಿಷನ್ನಿಗೆ ಕೈ ಉಂಟಾ? ಕುಂಟೆ ಎತ್ತಿ ಕೊಡ್ಲಿಕ್ಕೆ ಆಳು ಬೇಕಲ್ಲ. ಕೂಲಿ ಎಲ್ಲಿಗೂ ಹೋಗೂದಿಲ್ಲ, ಸೊಂಟ ಒಂದು ಉಳೀತದೆ.” ಇಷ್ಟೂ ದಿನದ ಶಾಸ್ತ್ರಾರ್ಥದಲ್ಲಿ ಸೊಂಟವೆಂಬ ಪ್ರಮಾಣವನ್ನು ಯಾವ ಪಕ್ಷವೂ ಉದಾಹರಿಸಿರಲಿಲ್ಲ.

ಇನ್ನು ಒಲೆಯ ಅಭಿಪ್ರಾಯ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು; ಅದು ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿಯದೆ ಸೌದೆ ನೆಟ್ಟಗೆ ಉರಿಯದು, ನೀರನ್ನು ಕಾಯಿಸುವ ಬದಲು ತನ್ನ ನೀರನ್ನೇ ಆವಿ ಮಾಡುತ್ತ ಹೊಗೆಯಾಡುತ್ತದೆ. ತೊಗಟೆಯು ತೇವವನ್ನು ಹಿಡಿದಿಡುತ್ತದೆ. ಸೀಳಿದರೆ ಒಳಮೈ ಗಾಳಿಗೆ ತೆರೆದು ಬೇಗ ಒಣಗುತ್ತದೆ. ಅಷ್ಟಕ್ಕಾಗಿಯೇ ಈ ಸೀಳುವಿಕೆ. ಸೀಳಿದ್ದು ಏಟಿನಿಂದಲೋ ಎಣ್ಣೆಯಿಂದಲೋ ಎಂದು ಒಲೆಯು ಎಂದೂ ವಿಚಾರಿಸಿದ್ದಿಲ್ಲ.

ಕೊನೆಗೆ, ದಪ್ಪ ಕುಂಟೆ, ಗಂಟು, ಬೊಡ್ಡೆಗಳೆಲ್ಲ ಗಂಟೆಯ ಬಾಡಿಗೆಯ ಯಂತ್ರಕ್ಕೆ, ಒಲೆ ಹೊತ್ತಿಸುವ ಸಣ್ಣ ಚಕ್ಕೆ ಚಿಕ್ಕಪ್ಪನ ಕೊಡಲಿಗೆ ಎಂದು ರಾಜಿಯಾಯಿತು. ಯಂತ್ರ ಬಂದಿತು, ಕಿವಿ ಕಿವುಡಾಗುವಂತೆ ಗುಡುಗಿತು, ಸಂಜೆಯೊಳಗೆ ಅಂಗಳದ ತುಂಬ ಸೀಳುಗಳ ಗುಡ್ಡೆ ಹಾಕಿ ಹೊರಟುಹೋಯಿತು. ಹಿರಿಯನೂ ಕೂಲಿಯನ್ನು ಎಣಿಸಿಕೊಂಡು, ಸೊಂಟವನ್ನು ನೆಟ್ಟಗಿಟ್ಟುಕೊಂಡೇ ಮನೆಗೆ ನಡೆದನು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಆ ಗುಡ್ಡೆಯನ್ನು ಹೊತ್ತು ಕೊಟ್ಟಿಗೆಯಲ್ಲಿ ಪೇರಿಸುವುದಕ್ಕೆ ಪಾಸ್ಕಲನ ವಂಶದಲ್ಲಾಗಲಿ ಕುಲುಮೆಯ ವಂಶದಲ್ಲಾಗಲಿ ಯಾವ ಸಾಧನವೂ ಹುಟ್ಟಿರಲಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಎರಡು ಪಕ್ಷಗಳೂ ಪೂರ್ಣ ಏಕಮತಕ್ಕೆ ಬಂದು, ಮಧ್ಯಸ್ಥನಾದ ನನ್ನ ಕಡೆಗೆ ತಿರುಗಿ ನೋಡಿದವು.