ಆಲ್ಟೋನಾ ಬೀಚಿನ ರಾಯರು

ಮಗನ ಮನೆಗೆಂದು ಮೆಲ್ಬರ್ನ್‌ಗೆ ಬಂದಿಳಿಯುವ ಅಪ್ಪಂದಿರಲ್ಲಿ ಒಂದು ಬಗೆಯವರು ಕಡಲತೀರಕ್ಕೇ ಮೀಸಲು. ಸದ್ಯಕ್ಕೆ ಅವರನ್ನು ರಾಯರು ಎನ್ನೋಣ. ಹಾಸನದವರು, ನೀರಾವರಿ ಇಲಾಖೆಯಿಂದ ನಿವೃತ್ತರು. ಆಲ್ಟೋನಾ ಬೀಚಿನಲ್ಲಿ ಅವರನ್ನು ಹುಡುಕುವುದು ಸುಲಭ. ಉಳಿದವರೆಲ್ಲ ಚಡ್ಡಿಯಲ್ಲಿದ್ದರೆ ಇವರು ಸ್ವೆಟರು, ಮಂಕಿ ಟೋಪಿ, ಲೇಸು ಬಿಗಿದ ಬೂಟು, ಕೈಯಲ್ಲಿ ಕೊಡೆ.

ಬಂದ ದಿನವೇ ತೀರ್ಪು ಹೊರಬಿತ್ತು. "ಇದೇನೋ, ಅಲೆನೇ ಇಲ್ಲ! ಗಾಳಿ ಎದ್ರೆ ನಮ್ಮ ಸೂಳೆಕೆರೆನೇ ಇದಕ್ಕಿಂತ ಜೋರು." ಇದು ಬಯಲು ಸಮುದ್ರವಲ್ಲ, ಪೋರ್ಟ್ ಫಿಲಿಪ್ ಕೊಲ್ಲಿ, ಸಾವಿರದ ಒಂಬೈನೂರು ಚದರ ಕಿಲೋಮೀಟರ್ ದಾಟುವಷ್ಟು ನೀರಿಗೆ ಹೊರಬಾಯಿ ಮೂರು ಮೂರೂವರೆ ಕಿಲೋಮೀಟರ್ ಅಷ್ಟೇ, ದೊಡ್ಡ ಅಲೆಗಳು ಅಲ್ಲೇ ಸೊರಗುತ್ತವೆ ಎಂದು ಮಗ ವಿವರಿಸಿದ. ರಾಯರ ಮುಖ ಅರಳಿತು. "ಹಾಗನ್ನು. ತೂಬು ಸಣ್ಣದು." ಅಂದಿನಿಂದ ಇಡೀ ಕೊಲ್ಲಿ ಅವರ ಸುಪರ್ದಿಗೆ ಬಂತು.

ಹೇಮಾವತಿಯ ಮಡುವಿನಲ್ಲಿ ಈಜಿದವರೆಂದು ಅವರ ಖ್ಯಾತಿ, ಅವರೇ ಹೇಳಿದ್ದು. ಇಲ್ಲಿ ಮಾತ್ರ ನೀರು ಮೊಣಕಾಲು ದಾಟಿಲ್ಲ. ಆಲ್ಟೋನಾದಲ್ಲಿ ಬಹುದೂರ ನಡೆದರೂ ಆಳ ಸಿಗದು, ಹಾಗಾಗಿ ಪೂರ್ತಿ ತಪ್ಪು ಅವರದಲ್ಲ. ಪ್ಯಾಂಟು ಮಡಚಿ ನಿಂತು ಭಾವಮೈದುನನಿಗೆ ವಿಡಿಯೋ ಕಾಲ್: "ನೋಡಯ್ಯಾ, ಸಮುದ್ರದ ಮಧ್ಯದಲ್ಲಿದ್ದೀನಿ!" ಅವರ ಬೆನ್ನ ಹಿಂದೆ ಎರಡು ವರ್ಷದ ಮಗುವೊಂದು ಬಕೆಟ್ ಹಿಡಿದು ಓಡುತ್ತದೆ. ದಡದಿಂದ ಹೆಂಡತಿಯ ಕೂಗು: "ರೀ, ಸಾಕು ಬನ್ನಿ, ಶೀತ ಆಗುತ್ತೆ."

ಭಾನುವಾರದ ಕಥೆಯೇ ಬೇರೆ. ಬೇಸಿಗೆಯ ವಾರಾಂತ್ಯಗಳಲ್ಲಿ ಲೈಫ್ ಸೇವಿಂಗ್ ಕ್ಲಬ್ಬಿನವರು ಕಾವಲಿಗೆ ಬಂದು ನೀರಂಚಿನಲ್ಲಿ ಎರಡು ಬಾವುಟ ನೆಡುತ್ತಾರೆ. ಈಜುವವರು ಅವುಗಳ ನಡುವೆಯೇ ಈಜಬೇಕು. ಬಾವುಟದ ಬಣ್ಣ ಕೆಂಪು, ಹಳದಿ. ಮೊದಲ ಸಲ ಕಂಡಾಗ ರಾಯರಿಗೆ ರೋಮಾಂಚನ. ಮರುಕ್ಷಣ ಸಿಟ್ಟು: ಹಳದಿ ಕೆಳಗಿದೆ! ನೆಟ್ಟಗೆ ಕಾವಲಿನ ಹುಡುಗನ ಬಳಿ ಹೋಗಿ "ಮಿಸ್ಟರ್, ಫ್ಲಾಗ್ ಅಪ್‌ಸೈಡ್ ಡೌನ್" ಎಂದರು. ಯಾರೋ ಮುಳುಗುತ್ತಿದ್ದಾರೆಂದು ಅವನು ಗಾಬರಿಯಿಂದ ನೀರಿನತ್ತ ತಿರುಗಿದ. ರಾಯರು ಬಿಡಲಿಲ್ಲ. 1960ರ ದಶಕ, ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರು, ಅರಿಶಿನ ಕುಂಕುಮ, ಎಲ್ಲವನ್ನೂ ಬಿಡಿಸಿ ಹೇಳಿದರು. "ನೋ ವರೀಸ್, ಮೇಟ್" ಎಂದ ಹುಡುಗ. ಅರ್ಜಿ ಮಂಜೂರಾಯಿತೆಂದೇ ರಾಯರ ನಂಬಿಕೆ.

ಆ ಹುಡುಗನಿಗೆ ಸಂಬಳವಿಲ್ಲ, ಸ್ವಯಂಸೇವಕ ಎಂದು ತಿಳಿದಾಗ ಮಾತ್ರ ಅವರು ನಿಜವಾಗಿ ಮರುಗಿದರು. "ಪಿಂಚಣಿನೂ ಇಲ್ವೇ?" ಮುಂದಿನ ವಾರ ಅವನಿಗೆ ಒಂದು ಡಬ್ಬಿ ಕೋಡುಬಳೆ ಹೋಯಿತು.

ಈಗ ಬಾವುಟದಾಚೆ ಯಾರಾದರೂ ನೀರಿಗಿಳಿದರೆ ಕಾವಲಿನವರ ಸೀಟಿಗೂ ಮೊದಲು ರಾಯರ ಕೊಡೆ ಏಳುತ್ತದೆ. ಆ ಕಡೆ ಹೋಗುವ ಕನ್ನಡಿಗರಲ್ಲಿ ವಿನಂತಿ: ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ, ಬಾವುಟಗಳ ನಡುವೆಯೇ ಈಜಿ, ಯಾವೂರು ಎಂದು ಕೇಳಿದರೆ ಅಪ್ಪಿತಪ್ಪಿಯೂ ಹಾಸನ ಎನ್ನಬೇಡಿ. ರಾಯರ ವೀಸಾ ಫೆಬ್ರವರಿ ಕೊನೆಯವರೆಗೂ ಇದೆ.