96 ಮೊಳೆ, ಒಬ್ಬರೇ ಅಳಿಯಂದಿರು

ಅಳಿಯನಿಗೆ ಬುದ್ಧಿ ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ. ಮಗನಿಗೆ ಬೈಯಬಹುದು, ತಮ್ಮನಿಗೆ ಬೈಯಬಹುದು, ಪಂಚಾಯ್ತಿ ಅಧ್ಯಕ್ಷರಿಗೂ ಬೈಯಬಹುದು. ಅಳಿಯಂದಿರು ತಪ್ಪು ದಾರಿ ಹಿಡಿದರೆ ಮಾವನಾದವರು ಕೆಮ್ಮಬೇಕು, ಅಷ್ಟೆ. ಆ ಕೆಮ್ಮನ್ನು ಮಗಳು ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ರಾತ್ರಿ ಊಟವಾದ ಮೇಲೆ ಗಂಡನ ಕಿವಿಗೆ ಹಾಕಬೇಕು. ಹಾಸನದಲ್ಲಿ ಈ ಏರ್ಪಾಡು ತಲೆಮಾರುಗಳಿಂದ ಸುಸೂತ್ರವಾಗಿ ನಡೆದುಬಂದಿದೆ. ಆದರೆ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ನಮ್ಮ ಗ್ಯಾರೇಜಿನಲ್ಲಿ, ಹಿಮದ ಮೇಲೆ ಓಡುವ ಒಂದು ಹಳೆಯ ಸ್ನೋಮೊಬೈಲ್ ಗಾಡಿಯ ಹೊಟ್ಟೆಯ ಕೆಳಗೆ ಅದು ನಡೆಯಬೇಕಾಗಿ ಬಂತು.

ನಾವಿರುವ ಹೌಟನ್ ಊರು ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡ ಕೀವಿನಾ ಪರ್ಯಾಯದ್ವೀಪದಲ್ಲಿದೆ. ಸರೋವರದ ಮೇಲಿಂದ ಬರುವ ಗಾಳಿ ತೇವವನ್ನೆಲ್ಲ ಹೊತ್ತು ತಂದು ನಮ್ಮ ತಲೆಯ ಮೇಲೆ ಹಿಮ ಮಾಡಿ ಸುರಿಯುತ್ತದೆ. 1978–79ರ ಚಳಿಗಾಲದಲ್ಲಿ ಈ ಪರ್ಯಾಯದ್ವೀಪದಲ್ಲಿ ಬಿದ್ದದ್ದು 390.4 ಇಂಚು, ಅಂದರೆ 32 ಅಡಿಗೂ ಮಿಗಿಲು. ಅದನ್ನು ತೋರಿಸಲಿಕ್ಕೆಂದೇ ಹೆದ್ದಾರಿ ಪಕ್ಕ ಎತ್ತರದ ಅಳತೆಗೋಲು ನಿಲ್ಲಿಸಿದ್ದಾರೆ. ಹೌಟನ್ ಮತ್ತು ಹ್ಯಾನ್‌ಕಾಕ್ ಊರುಗಳ ನಡುವಿನ ಲಿಫ್ಟ್ ಸೇತುವೆ ಎರಡಂತಸ್ತಿನದು. ಚಳಿಗಾಲದಲ್ಲಿ ಮೇಲಂತಸ್ತಿನಲ್ಲಿ ಕಾರು, ಕೆಳಂತಸ್ತಿನಲ್ಲಿ ಸ್ನೋಮೊಬೈಲು. ಇದನ್ನು ನೋಡಿದ ದಿನ ಅಮ್ಮ, "ಅದಕ್ಕೆ ಅಂತ ಬೇರೆ ದಾರಿ ಬಿಟ್ಟಿದಾರೆ ಅಂದ್ರೆ ಮರ್ಯಾದಸ್ಥ ಗಾಡಿನೇ ಇರಬೇಕು" ಎಂದಳು. ನಮ್ಮವರಿಗೆ ಅಷ್ಟು ಸಾಕಾಯಿತು. ಅತ್ತೆಯವರ ಒಪ್ಪಿಗೆ ಸಿಕ್ಕಿದೆ ಎಂದು ಮಾರನೆಯ ವಾರವೇ ಒಂದನ್ನು ತಂದು ನಿಲ್ಲಿಸಿದರು.

ಅಪ್ಪ ಅಮ್ಮ ಬಂದಿದ್ದು ನನ್ನ ಬಾಣಂತನಕ್ಕೆ. ಅಮ್ಮನಿಗೆ ಕೈತುಂಬ ಕೆಲಸ. ಅಪ್ಪನಿಗೆ ಇದ್ದ ಒಂದೇ ಕೆಲಸ ಕಿಟಕಿಯಲ್ಲಿ ಹಿಮ ನೋಡುವುದು. ಜೀವಮಾನವೆಲ್ಲ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮನುಷ್ಯ ಎಷ್ಟು ಅಂತ ಹಿಮ ನೋಡಿಯಾರು? ಅತ್ತ ಅಳಿಯಂದಿರು ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಡಾಕ್ಟರೇಟು. ಯಂತ್ರಗಳ ಕಂಪನದ ಮೇಲೆ ಪ್ರಬಂಧ ಬರೆದಿದ್ದಾರೆ, ಸ್ಪ್ಯಾನರ್ ಹಿಡಿದರೆ ಮಾತ್ರ ಕೈ ಕಂಪಿಸುತ್ತದೆ.

ಗಾಡಿ ಮೆತ್ತನೆಯ ಹಿಮದಲ್ಲಿ ಚೆನ್ನಾಗಿಯೇ ಓಡಿತು. ಗಾಡಿಯ ಅಡಿಯಲ್ಲಿ ಸುತ್ತುವ ಪಟ್ಟಿಯ, ಅಂದರೆ ಟ್ರ್ಯಾಕಿನ, ಮೇಲಿನ ರಬ್ಬರ್ ಹಲ್ಲುಗಳು ಹಿಮವನ್ನು ಕಚ್ಚಿ ಹಿಂದಕ್ಕೆ ತಳ್ಳುತ್ತವೆ. ಗಟ್ಟಿ ಮಂಜುಗಡ್ಡೆ ಸಿಕ್ಕಿದರೆ ಅವು ಕಚ್ಚುವುದಿಲ್ಲ. ಆಕ್ಸಲರೇಟರ್ ಒತ್ತಿದರೆ ಟ್ರ್ಯಾಕ್ ನಿಂತಲ್ಲೇ ಸುತ್ತುತ್ತದೆ, ಬ್ರೇಕ್ ಹಿಡಿದರೆ ಗಾಡಿ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. "ಸ್ಟಡ್ ಹಾಕಿಸಿ" ಎಂದರು ಪಕ್ಕದ ಮನೆಯ ಫಿನ್ನಿಶ್ ಮೂಲದ ಅಜ್ಜ. ಸ್ಟಡ್ ಎಂದರೆ ಮೊಳೆಯೇ. ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಮೊನೆ ಇರುತ್ತದೆ. ಟ್ರ್ಯಾಕಿಗೆ ತೂತು ಕೊರೆದು ಒಳಗಿನಿಂದ ಹೊರಕ್ಕೆ ತೂರಿಸಿ, ಹೊರಗೆ ಅಲ್ಯೂಮಿನಿಯಂ ಬಿಲ್ಲೆ ಕೂರಿಸಿ, ನಟ್ಟು ಬಿಗಿಯಬೇಕು. ಹಳಬರ ಲೆಕ್ಕದಲ್ಲಿ ಒಂದು ಕುದುರೆಶಕ್ತಿಗೆ ಒಂದು ಮೊಳೆ. ನಮ್ಮದಕ್ಕೆ 96 ಎಂದು ತೀರ್ಮಾನವಾಯಿತು.

ಮೊಳೆ ಎಷ್ಟು ಉದ್ದ ಇರಬೇಕು? ರಬ್ಬರ್ ಹಲ್ಲಿಗಿಂತ ಹೆಚ್ಚೆಂದರೆ ಎಂಟನೇ ಮೂರಂಶ ಇಂಚು ಮೇಲೆ ಬರಬೇಕು ಎಂದರು ಅಜ್ಜ. ನಮ್ಮವರು ಅದನ್ನು ಮಿಲಿಮೀಟರಿಗೆ ತಿರುಗಿಸಲು ಫೋನು ತೆಗೆದರು. ಅಪ್ಪ ನನ್ನ ಕಡೆ ತಿರುಗಿ, "ಮೂರು ನೂಲು ಅಂತ ಹೇಳಮ್ಮ" ಎಂದರು. ಕನ್ನಡ ಒಂದಿಷ್ಟೂ ತಿಳಿಯದ ಅಜ್ಜ ಅಪ್ಪನ ಹೆಬ್ಬೆರಳು-ತೋರುಬೆರಳಿನ ಸಂದು ನೋಡಿ ತಲೆಯಾಡಿಸಿದರು. ಅವತ್ತಿನಿಂದ ಅವರಿಬ್ಬರಿಗೆ ದುಭಾಷಿ ಬೇಕಾಗಲಿಲ್ಲ. ಬೇಕಾಗಿದ್ದದ್ದು ಮಾವ-ಅಳಿಯನಿಗೆ.

ಬಾಣಂತಿಗೆ ಗಾಳಿ ಸೋಕಬಾರದು ಎಂದು ಅಮ್ಮ ನನ್ನನ್ನು ಗ್ಯಾರೇಜಿಗೆ ಬಿಡಲಿಲ್ಲ. ಅಡುಗೆಮನೆಯಿಂದ ಗ್ಯಾರೇಜಿಗೆ ಹೋಗುವ ಬಾಗಿಲ ಬಳಿ ಕುರ್ಚಿ ಹಾಕಿ, ಕಿವಿಗೆ ಹತ್ತಿ ತುರುಕಿ, ಮೇಲೆ ಸ್ಕಾರ್ಫ್ ಬಿಗಿದು ಕೂರಿಸಿದಳು. ಎರಡೂ ಕಡೆಯ ಮಾತು ನನ್ನ ಮೂಲಕವೇ ಹೋಗಬೇಕು, ನನ್ನ ಕಿವಿಯಲ್ಲಿ ಹತ್ತಿ!

ಮೊಳೆಗಳ ಜಾಗ ಗುರುತಿಸುವಾಗ ಅಮ್ಮನೂ ಬಂದಳು. ನಮ್ಮವರು ಚಾಕ್‌ಪೀಸಿನಲ್ಲಿ ಸಾಲಾಗಿ, ನೇರವಾಗಿ ಚುಕ್ಕಿ ಇಡುತ್ತಿದ್ದರು. ಅಜ್ಜ ಬೇಡ ಬೇಡ ಎಂದು ಕೈಯಾಡಿಸಿದರು. ಒಂದರ ಹಿಂದೆ ಒಂದು ಮೊಳೆ ಬಂದರೆ ಮುಂದಿನದು ಗೀರಿದ ಗೆರೆಯಲ್ಲೇ ಹಿಂದಿನದೂ ಜಾರುತ್ತದೆ, ಹಿಡಿತ ಸಿಗುವುದಿಲ್ಲ. ಪ್ರತಿ ಮೊಳೆಯೂ ತನ್ನದೇ ಗೆರೆ ಗೀರಬೇಕು. ಜೊತೆಗೆ ಟ್ರ್ಯಾಕಿನ ಒಳಮೈಯಲ್ಲಿ ಚಕ್ರಗಳು ಉರುಳುವ, ಅದಕ್ಕೆ ಆನಿಕೆ ಕೊಡುವ ಜಾರುಪಟ್ಟಿ ಕೂರುವ ಜಾಗಕ್ಕೆ ಮೊಳೆ ಬರಕೂಡದು. ನಮ್ಮವರು ಇದಕ್ಕೊಂದು ಪ್ರೋಗ್ರಾಂ ಬರೆಯುತ್ತೇನೆಂದು ಹೊರಟರು. ಅಮ್ಮ ಬಾಗಿಲ ಮರೆಯಿಂದ, "ಸಂದು ಚುಕ್ಕಿ ಇಡ್ಬೇಕು ಅಷ್ಟೇ ತಾನೇ? ಅವರಿಗೆ ಈ ಕಡೆ ಬನ್ನಿ ಅನ್ನು" ಎಂದು ಸೆರಗು ಸಿಕ್ಕಿಸಿದಳು. ಅರ್ಧ ಗಂಟೆಯಲ್ಲಿ ಟ್ರ್ಯಾಕಿನ ನಡುಪಟ್ಟಿಯ ತುಂಬ ಚುಕ್ಕಿ. ಅಜ್ಜ ತಮ್ಮ ಟೆಂಪ್ಲೇಟು ಹಿಡಿದು ನೋಡಿ, ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಕೊರೆಯುವ ಸದ್ದಿಗೆ ಕೂಸು ಎದ್ದು ಅತ್ತಿತು. ಅಮ್ಮನಿಗೆ ಸಿಟ್ಟು ಬಂತು. "ಈ ದರಿದ್ರದ ಗಾಡಿ ಕಂಡುಹಿಡಿದ ಪುಣ್ಯಾತ್ಮ ಯಾರಂತೆ ಕೇಳು." ಅಜ್ಜ ಹೇಳಿದ್ದನ್ನು ನಾನು ಹೇಳಿದೆ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್‌ಕೂರ್ ಎಂಬ ಊರಿನವನು, ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆಯ ಕಾಯಿಲೆ ವಿಪರೀತವಾಯಿತು. ದಾರಿಯೆಲ್ಲ ಹಿಮ. ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. 1937ರಲ್ಲಿ ಅವನು ಹಿಮದ ಮೇಲೋಡುವ ತನ್ನ ಗಾಡಿಯ ಟ್ರ್ಯಾಕಿಗೆ ಪೇಟೆಂಟ್ ಪಡೆದ. 1959ರಲ್ಲಿ ಸ್ಕೀ-ಡೂ ಎಂಬ ಸಣ್ಣ ಗಾಡಿಯನ್ನು ಮಾರುಕಟ್ಟೆಗೆ ತಂದ. ಅಮ್ಮ ಕೂಸನ್ನು ಎದೆಗವುಚಿಕೊಂಡು ಸುಮ್ಮನಾದಳು. ಆಮೇಲೆ, "ಕೊರೀಲಿ ಬಿಡು. ಒಂದೇ ಸಲಕ್ಕೆ ಕೊರೆದು ಮುಗಿಸ್ಲಿ" ಎಂದಳು. ಅಂದು ಎಲ್ಲರಿಗೂ ಕಾಫಿ ಕೊಟ್ಟಳು, ಗಾಡಿಗೂ ಒಂದು ಕುಂಕುಮದ ಬೊಟ್ಟು.

ಗಂಡಾಂತರ ಇದ್ದದ್ದು ಒಳಗೆ. ಟ್ರ್ಯಾಕಿನ ಮೇಲೆ ಉದ್ದಕ್ಕೂ ಕವುಚಿರುವ ಅಲ್ಯೂಮಿನಿಯಂ ಗೂಡಿಗೆ ಟನಲ್ ಎನ್ನುತ್ತಾರೆ. ಎಂಜಿನ್ನಿನ ಕೂಲೆಂಟ್ ಹರಿಯುವ ಹೀಟ್ ಎಕ್ಸ್‌ಚೇಂಜರ್ ಇರುವುದು ಅದರ ಒಳಮೈಯಲ್ಲೇ. ಟ್ರ್ಯಾಕ್ ಎರಚುವ ಹಿಮ ಬಡಿದು ಅದು ತಣ್ಣಗಾಗುತ್ತದೆ. ಜಾಣ ಏರ್ಪಾಡು, ಟ್ರ್ಯಾಕಿಗೆ ಮೊಳೆ ಬರುವ ತನಕ. ಅಪ್ಪ ಟಾರ್ಚ್ ಹಿಡಿದು ಗಾಡಿಯ ಕೆಳಗೆ ತೂರಿ, ಬಹಳ ಹೊತ್ತು ಹೊರಗೆ ಬರಲಿಲ್ಲ. ಕೆಮ್ಮು ಮಾತ್ರ ಬಂತು.

"ಏನಪ್ಪಾ?"

"ನಿಮ್ಮೆಜಮಾನ್ರನ್ನ ಕೇಳಮ್ಮ, ಈ ಗಾಡಿ ಇಷ್ಟು ಸೋವಿಗೆ ಯಾಕೆ ಸಿಕ್ತು ಅಂತ."

ಹಿಂದಿನ ಯಜಮಾನ ಟ್ರ್ಯಾಕೂ ಎಕ್ಸ್‌ಚೇಂಜರೂ ಬದಲಿಸಿ ಮಾರಿದ್ದನಂತೆ. ಯಾಕೆ ಬದಲಿಸಿದ ಎಂಬುದು ಟನಲ್ಲಿನ ಒಳಮೈಯಲ್ಲಿ ಉದ್ದುದ್ದ ಗೀರುಗಳಾಗಿ ಬರೆದಿತ್ತು. ಮೊಳೆ ಹೊಡೆಸಿ, ಒಳಗೆ ಕಾವಲುಪಟ್ಟಿ ಹಾಕಿಸದೆ ಓಡಿಸಿದ್ದಾನೆ. ಮೊಳೆ ಕೂಲೆಂಟಿನ ಕೊಳವೆ ಸೀಳಿದೆ.

"ಆದರೆ ಇಲ್ಲಿ ಸಾಕಷ್ಟು ಗ್ಯಾಪ್ ಇದೆಯಲ್ಲ" ಎಂದು ನಮ್ಮವರು ಸ್ಕೇಲು ತಂದರು. ನನಗೇ ಹೇಳಿದರು, ಅವರೂ ಪದ್ಧತಿ ಕಲಿತುಬಿಟ್ಟಿದ್ದರು.

"ನಿಂತಿದ್ದಾಗ ಎಲ್ಲಾರಿಗೂ ಗ್ಯಾಪ್ ಇರುತ್ತೆ ಅಂತ ಹೇಳಮ್ಮ. ಓಡೋವಾಗ ನೋಡ್ಬೇಕು."

ಡಾಕ್ಟರೇಟಿನವರು ಒಂದು ಕ್ಷಣ ಯೋಚಿಸಿದರು. ಮುಖ ಕೆಂಪಾಯಿತು. ವೇಗ ಹೆಚ್ಚಿದಂತೆ ಟ್ರ್ಯಾಕ್ ಹೊರಕ್ಕೆ ಉಬ್ಬುತ್ತದೆ, ಗುಂಡಿಗೆ ಬಿದ್ದರೆ ಸಸ್ಪೆನ್ಷನ್ ಕುಸಿದು ಟ್ರ್ಯಾಕ್ ಮೇಲೇಳುತ್ತದೆ. ಸೂತ್ರ ಅವರಿಗೆ ಬಾಯಿಪಾಠ. ನಮ್ಮ ಗ್ಯಾರೇಜಿಗೂ ಅದು ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಕಾವಲುಪಟ್ಟಿ ಬಂತು. ಅದನ್ನು ಮೊಳೆಗಳು ಓಡದ ಗೆರೆಯಲ್ಲಿ ಉದ್ದಕ್ಕೆ ಕೂರಿಸಬೇಕು. ಟ್ರ್ಯಾಕ್ ಮೇಲೆದ್ದಾಗ ಮೊದಲು ರಬ್ಬರು ಪಟ್ಟಿಗೆ ತಾಗಬೇಕು, ಮೊಳೆಯ ಮೊನೆ ಎಕ್ಸ್‌ಚೇಂಜರನ್ನು ಮುಟ್ಟಲೇಬಾರದು. ನಮ್ಮವರು ಡ್ರಿಲ್ ಎತ್ತಿಕೊಂಡರು. ಅಪ್ಪನಿಗೆ ಕೆಮ್ಮೋ ಕೆಮ್ಮು. "ಮೇಲ್ಗಡೆ ಪೆಟ್ರೋಲ್ ಟ್ಯಾಂಕಿದೆ ಅಂತ ಬೇಗ ಹೇಳಮ್ಮ!" ನಾನು ಹತ್ತಿ ತೆಗೆದು, "ಏನಂದ್ರಿ?" ಎನ್ನುವಷ್ಟರಲ್ಲಿ ಅಪ್ಪ ಡ್ರಿಲ್ಲಿನ ವೈರನ್ನೇ ಕಿತ್ತಿದ್ದರು. ವೈರು ಕೀಳುವುದು ಅಳಿಯಂದಿರಿಗೆ ಬುದ್ಧಿ ಹೇಳಿದಂತೆ ಆಗುವುದಿಲ್ಲ. ಸೀಟು ಬಿಚ್ಚಿ, ಟ್ಯಾಂಕ್ ಇಳಿಸಿ, ಅಪ್ಪನೇ ರಿವಿಟ್ ಹೊಡೆದರು. ಬಸ್ಸಿನ ತಗಡಿಗೆ ಹೊಡೆದು ಪಳಗಿದ ಕೈ. ಅಜ್ಜ ಕೂಡ ಟೋಪಿ ತೆಗೆದು ನೋಡಿದರು.

ಅಷ್ಟಕ್ಕೆ ಮುಗಿಯಿತೇ? ಗಟ್ಟಿ ಮಂಜುಗಡ್ಡೆಯ ಮೇಲೆ ಎರಚಲು ಹಿಮದ ಪುಡಿ ಇರುವುದಿಲ್ಲ, ಎಂಜಿನ್ ಕಾಯುತ್ತದೆ, ಜಾರುಪಟ್ಟಿ ಸವೆಯುತ್ತದೆ. ಆದ್ದರಿಂದ ಮಂಜುಗಡ್ಡೆಯನ್ನು ಕೆರೆದು ಪುಡಿ ಎಬ್ಬಿಸುವ ಸ್ಕ್ರ್ಯಾಚರ್ ಎಂಬ ತಂತಿ ಬೇಕು. ಮೊಳೆಗಳು ಡಾಂಬರು ಕಿತ್ತು ಹಾಕುತ್ತವೆ. ಮಿನ್ನೆಸೋಟ ರಾಜ್ಯದಲ್ಲಂತೂ ಡಾಂಬರು ಹಾಕಿದ ಸಾರ್ವಜನಿಕ ಟ್ರೇಲುಗಳಲ್ಲಿ ಮೊಳೆಯ ಟ್ರ್ಯಾಕ್ ನಿಷಿದ್ಧ. ನೆಲ ಕೀಳದ ಹಾಗೆ ನಮ್ಮ ಗ್ಯಾರೇಜಿಗೂ ಪ್ಲೈವುಡ್ ಬೇಕು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಸನ್ಯಾಸಿ ಲಂಗೋಟಿ ಕಾಯೋಕೆ ಬೆಕ್ಕು ಸಾಕಿದ ಕಥೆ ಆಯ್ತಲ್ಲೇ. ಇನ್ನು ಹಸು ಯಾವಾಗ ಬರುತ್ತೆ ಕೇಳು" ಎಂದಳು. ಇದನ್ನು ನಾನು ತಲುಪಿಸಲಿಲ್ಲ.

ಬಾಣಂತನದ ನಲವತ್ತು ದಿನ ಕಳೆದ ಮೇಲೆ, ಲಿಫ್ಟ್ ಸೇತುವೆಯ ಕೆಳಗಿನ ಕಾಲುವೆಯ ಮಂಜುಗಡ್ಡೆಯ ಮೇಲೆ ಮೊದಲ ಸವಾರಿ. ಸ್ನೋಮೊಬೈಲಿಗೆ ಕನಿಷ್ಠ 5ರಿಂದ 7 ಇಂಚು ದಪ್ಪದ ಮಂಜುಗಡ್ಡೆ ಬೇಕು ಎಂದು ಅಜ್ಜ ಮೊದಲೇ ತೂತು ಕೊರೆದು ಅಳೆದರು, ಅದರ ಎರಡರಷ್ಟಿತ್ತು. ಅಪ್ಪ ಡಿಪೋದ ಸಂಪ್ರದಾಯದಂತೆ ಮುಂದೆ ನಿಂಬೆಹಣ್ಣು ಇಟ್ಟರು. ಅದು ಆಗಲೇ ಕಲ್ಲಾಗಿತ್ತು, ಗಾಡಿ ಅದರ ಮೇಲೆ ಹತ್ತಿ ಇಳಿಯಿತೇ ಹೊರತು ಹಣ್ಣು ಒಡೆಯಲಿಲ್ಲ. ಇಬ್ಬರೂ ಹೆಲ್ಮೆಟ್ ಹಾಕಿ ಹೊರಟರು, ಮಾವ ಹಿಂದೆ, ಅಳಿಯ ಮುಂದೆ. ನಾನೂ ಅಮ್ಮನೂ ಕೂಸಿನೊಂದಿಗೆ ದಡದ ಮೇಲೆ ಕಾರಿನಲ್ಲಿ.

ಹಿಡಿತ ಅಂದರೆ ಹಿಡಿತ. 96 ಮೊಳೆಗಳೂ ಕಚ್ಚಿದವು, ಗಾಡಿ ಬಾಣದ ಹಾಗೆ ಹೋಯಿತು. ತಿರುವಿನಲ್ಲಿಯೂ ಹಾಗೆಯೇ ನೇರಕ್ಕೆ ಹೋಯಿತು. ಹಿಂದೆ ಟ್ರ್ಯಾಕು ಅಷ್ಟು ಬಲವಾಗಿ ತಳ್ಳುವಾಗ ಮುಂದಿನ ಸ್ಕೀಗಳ ಕೆಳಗಿನ ರನ್ನರುಗಳಿಗೂ ಅದಕ್ಕೆ ತಕ್ಕ ಕಾರ್ಬೈಡ್ ಅಲಗಿರಬೇಕು. ನಮ್ಮ ಗಾಡಿಯವು ಸವೆದು ನುಣ್ಣಗಾಗಿದ್ದವು. ಹ್ಯಾಂಡಲ್ ತಿರುಗಿತು, ಗಾಡಿ ತಿರುಗಲಿಲ್ಲ. ಎದುರಿಗೆ ಯಾರೋ ಮೀನು ಹಿಡಿಯಲು ಕಟ್ಟಿಕೊಂಡ ಗುಡಿಸಲು.

"ಲೇ! ತಿರುಗ್ಸೋ! ಆಕ್ಸಲರೇಟರ್ ಬಿಡೋ ಕತ್ತೆ!"

ಬಸ್ಸುಗಳ ಎಂಜಿನ್ ಸದ್ದಿನ ಮೇಲೆ ಕೂಗಿ ಬೆಳೆದ ಗಂಟಲು. ಹೆಲ್ಮೆಟ್ಟು ದಾಟಿ, ಮಂಜು ದಾಟಿ, ಕಾರಿನ ಗಾಜು ದಾಟಿ ಬಂತು. ಅಳಿಯಂದಿರು ಆಕ್ಸಲರೇಟರ್ ಬಿಟ್ಟರು. ಸ್ಕೀಗಳಿಗೆ ಹಿಡಿತ ಸಿಕ್ಕಿ ಗಾಡಿ ಗುಡಿಸಲಿನ ಪಕ್ಕದಲ್ಲಿ ಹಾದು ನಿಂತಿತು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು, "ಅಯ್ಯೋ, ಅಳಿಯಂದಿರಿಗೆ 'ಲೇ' ಅಂದ್ಬಿಟ್ರಲ್ಲೇ!" ಎಂದಳು. ಗುಡಿಸಲಿನ ಚಿಂತೆ ಅವಳಿಗಿರಲಿಲ್ಲ.

ವಾಪಸ್ಸು ಬರುವಾಗ ಅಪ್ಪ ಮಾತಾಡಲಿಲ್ಲ. ನಮ್ಮವರೂ ಮಾತಾಡಲಿಲ್ಲ. ರಾತ್ರಿ ಸಾರನ್ನ ಕಲಸುತ್ತ, ಎದುರಿಗೇ ಕೂತಿದ್ದ ಮಾವನ ಕಡೆ ನೋಡದೆ ನಮ್ಮವರು ನನಗೆ ಹೇಳಿದರು.

"ನಿಮ್ಮಪ್ಪನಿಗೆ ಹೇಳು, ಕಾರ್ಬೈಡ್ ರನ್ನರ್ ಆರ್ಡರ್ ಮಾಡಿದೀನಿ."

ಹೇಳಿದೆ. ಅಪ್ಪ ಒಮ್ಮೆ ಕೆಮ್ಮಿದರು.

"ಒಳ್ಳೇದಾಯ್ತು ಅಂತ ಹೇಳಮ್ಮ. ಹಾಗೇ ಆ ಪ್ಲೈವುಡ್ ಏನಾಯ್ತು ಅಂತ ಕೇಳು."